ಓದುಗರ ಪ್ರಶ್ನೆ: ಮುಸ್ಲಿಮರು ಕಾಬಾವನ್ನು ಪೂಜಿಸುತ್ತಾರಾ?

"ಇಸ್ಲಾಮಿನಲ್ಲಿ ಮೂರ್ತಿಪೂಜೆ ಇಲ್ಲ ಅಂತೀರಿ. ಆದ್ರೆ ದಿನಕ್ಕೆ ಐದು ಸಲ ಕಾಬಾದ ಕಡೆ ತಿರುಗಿ ತಲೆ ಬಾಗಿಸ್ತೀರಿ. ಅಲ್ಲಿರೋ ಕಪ್ಪು ಕಲ್ಲಿಗೆ ಮುತ್ತಿಡ್ತೀರಿ. ಅದು ಪೂಜೆ ಅಲ್ವಾ?"

ಇಸ್ಲಾಮಿನ ಬುನಾದಿ ಬಗ್ಗೆ ಏನೇ ಬರೆದರೂ ಮೊದಲು ಬರುವುದು ಇದೇ ಪ್ರಶ್ನೆ. ಎಷ್ಟೋ ಸಲ ಉತ್ತರಿಸಿ ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಪೂಜಿಸುವುದಿಲ್ಲ. ಕಾಬಾ ಮಕ್ಕಾದಲ್ಲಿರುವ ಒಂದು ಕಟ್ಟಡ. ಅದು ನಮ್ಮ ಕಿಬ್ಲಾ, ನಮಾಝಿನಲ್ಲಿ ಮುಖ ಮಾಡುವ ದಿಕ್ಕು, ಅಷ್ಟೇ. ಆರಾಧನೆ ಅಲ್ಲಾಹನಿಗೆ ಮಾತ್ರ.

ಕಲಿಮಾ (ನಂಬಿಕೆಯ ಘೋಷಣೆ), ನಮಾಝ್, ಝಕಾತ್ (ಕಡ್ಡಾಯ ದಾನ), ರಮಝಾನ್ ಉಪವಾಸ, ಹಜ್ (ಮಕ್ಕಾ ಯಾತ್ರೆ) ಎಂಬ ಇಸ್ಲಾಮಿನ ಐದು ಕಂಬಗಳು ನಿಮಗೆ ಗೊತ್ತೇ ಇವೆ. ಇವು ಮಾಡುವ ಕೆಲಸಗಳು. ನಂಬಬೇಕಾದವು ಬೇರೆ ಆರು: ಅಲ್ಲಾಹ, ಮಲಕ್‌ಗಳು (ದೇವದೂತರು), ದೇವಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ವಿಧಿ. ಈ ಆರರಲ್ಲಿ ಕಾಬಾ ಇಲ್ಲ. ದೇವನೊಬ್ಬನೇ, ಅವನಿಗೆ ಪಾಲುದಾರರಿಲ್ಲ ಎಂಬ ತೌಹೀದ್ ಮೇಲೆ ಎಲ್ಲವೂ ನಿಂತಿದೆ. ಕಾಬಾವನ್ನೇ ದೇವರೆಂದು ಆರಾಧಿಸಿದವನು ಆ ಕ್ಷಣವೇ ತೌಹೀದ್‌ನಿಂದ ಹೊರಗೆ.

ಇತಿಹಾಸವನ್ನೇ ನೋಡಿ. ಮೊದಲು ಮುಸ್ಲಿಮರು ನಮಾಝಿಗೆ ಮುಖ ಮಾಡುತ್ತಿದ್ದದ್ದು ಜೆರುಸಲೇಮಿನ ಕಡೆಗೆ. ಪ್ರವಾದಿ ಮುಹಮ್ಮದರು ಮದೀನಾಕ್ಕೆ ವಲಸೆ ಬಂದು ಒಂದೂವರೆ ವರ್ಷಕ್ಕೆ ಸ್ವಲ್ಪ ಮುಂಚೆ ದಿಕ್ಕು ಬದಲಿಸುವ ಆಜ್ಞೆ ಬಂತು. ಅದರ ನೆನಪಿಗೆ ಮದೀನಾದಲ್ಲಿ 'ಎರಡು ಕಿಬ್ಲಾಗಳ ಮಸೀದಿ' ಇವತ್ತಿಗೂ ಇದೆ. ದಿಕ್ಕು ಬದಲಾಯಿತು, ಆರಾಧಿಸುವ ದೇವರು ಬದಲಾಗಲಿಲ್ಲ. ಆ ಆಜ್ಞೆ ಇರುವ ಅಧ್ಯಾಯದಲ್ಲೇ ಕುರ್‌ಆನ್ ಇನ್ನೊಂದು ಮಾತು ಹೇಳುತ್ತದೆ (2:177): ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ತಿರುಗಿಸುವುದೇ ಪುಣ್ಯವಲ್ಲ.

630ರಲ್ಲಿ ಮಕ್ಕಾ ಮುಸ್ಲಿಮರ ಕೈಗೆ ಬಂದಾಗ ಕಾಬಾದ ಸುತ್ತಲಿದ್ದ ವಿಗ್ರಹಗಳನ್ನು ತೆಗೆಯಲಾಯಿತು. ಆಮೇಲೆ ಪ್ರವಾದಿಯವರ ಸಂಗಾತಿ ಬಿಲಾಲ್ ಅವರು ಕಾಬಾದ ಮೇಲೆಯೇ ಹತ್ತಿ ನಿಂತು ಅಝಾನ್ ಕೊಟ್ಟರು. ಪೂಜಿಸುವ ಮೂರ್ತಿಯ ತಲೆಯ ಮೇಲೆ ಯಾರಾದರೂ ಕಾಲಿಟ್ಟು ನಿಲ್ಲುತ್ತಾರಾ?

ಇನ್ನು ಕಪ್ಪು ಕಲ್ಲು. ಖಲೀಫ ಉಮರ್ ಅದಕ್ಕೆ ಮುತ್ತಿಡುವಾಗ ಎಲ್ಲರಿಗೂ ಕೇಳುವಂತೆ ಹೇಳಿದ್ದರು: ನೀನು ಬರೀ ಕಲ್ಲು, ನಿನ್ನಿಂದ ಒಳ್ಳೆಯದೂ ಆಗದು, ಕೆಟ್ಟದ್ದೂ ಆಗದು, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡದಿದ್ದರೆ ನಾನೂ ಇಡುತ್ತಿರಲಿಲ್ಲ. ಮುತ್ತಿಡುವುದು ಕಡ್ಡಾಯವೂ ಅಲ್ಲ. ಹಜ್‌ಗೆ ಹೋದವರಲ್ಲಿ ಹೆಚ್ಚಿನವರು ಜನಸಂದಣಿಯಲ್ಲಿ ದೂರದಿಂದ ಕೈ ಎತ್ತಿ ಮುಂದೆ ಹೋಗುತ್ತಾರೆ, ಅವರ ಹಜ್‌ಗೆ ಏನೂ ಕೊರತೆಯಿಲ್ಲ.

ಇಷ್ಟು ಹೇಳಿದರೂ ಒಪ್ಪದವರಿಗೆ ಇನ್ನೊಂದು ಘಟನೆ. 930ರಲ್ಲಿ ಕರ್ಮತಿ ಪಂಗಡದವರು ಮಕ್ಕಾ ಮೇಲೆ ದಾಳಿ ಮಾಡಿ ಆ ಕಲ್ಲನ್ನೇ ಕಿತ್ತುಕೊಂಡು ಹೋದರು. ಅದು ವಾಪಸ್ ಬಂದದ್ದು ಸುಮಾರು 22 ವರ್ಷದ ಮೇಲೆ. ಅಷ್ಟೂ ವರ್ಷ ಜಗತ್ತಿನಲ್ಲಿ ನಮಾಝ್ ನಿಲ್ಲಲಿಲ್ಲ. ಕಲ್ಲೇ ದೇವರಾಗಿದ್ದರೆ ಆ ಜನ ಯಾರ ಮುಂದೆ ಬಾಗಿದರು? ಯೋಚಿಸಿ.

"ಒಳಗೆ ಏನೋ ಮೂರ್ತಿ ಬಚ್ಚಿಟ್ಟಿದ್ದಾರೆ" ಎಂಬ ಮೆಸೇಜು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ. ಕಾಬಾದೊಳಗೆ ಮೂರು ಕಂಬಗಳು, ತೂಗುದೀಪಗಳು, ಅಮೃತಶಿಲೆಯ ನೆಲ ಇವೆ. ಅದನ್ನು ಆಗಾಗ ಝಮ್‌ಝಮ್ ನೀರು (ಕಾಬಾದ ಪಕ್ಕದ ಪವಿತ್ರ ಬಾವಿಯ ನೀರು), ಗುಲಾಬಿ ನೀರು ಹಾಕಿ ತೊಳೆಯುತ್ತಾರೆ. ಬೇರೆ ದೇಶಗಳ ಮುಸ್ಲಿಂ ಗಣ್ಯರೂ ಒಳಗೆ ಹೋಗಿ ಬಂದಿದ್ದಾರೆ. ಒಳಗೆ ನಿಂತವರು ಯಾವ ಗೋಡೆಯ ಕಡೆ ತಿರುಗಿ ನಮಾಝ್ ಮಾಡಿದರೂ ಸರಿಯೇ.

ಇದರ ಜೊತೆಗೇ ನಮ್ಮ ಕಡೆ ಇನ್ನೊಂದು ಮಾತಿದೆ: ಮುಸ್ಲಿಮರು ಪಶ್ಚಿಮಕ್ಕೆ ತಿರುಗುವವರು ಅಂತ. ಅದು ನಮ್ಮ ನಾಡಿನ ಮಟ್ಟಿಗೆ ಮಾತ್ರ ಸರಿ. ಮದೀನಾದವರು ದಕ್ಷಿಣಕ್ಕೆ ತಿರುಗುತ್ತಾರೆ. ಲಂಡನ್ನಿನವರು ಆಗ್ನೇಯಕ್ಕೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನವರದು ಹೆಚ್ಚುಕಡಿಮೆ ಉತ್ತರ. ರೈಲಿನಲ್ಲಿ ಹೋಗುವಾಗ ದಿಕ್ಕೇ ಗೊತ್ತಾಗದಿದ್ದರೆ ಅಂದಾಜಿನ ಮೇಲೆ ನಿಂತರೂ ನಮಾಝ್ ಆಗುತ್ತದೆ.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಮೊಬೈಲ್ ಇಲ್ಲದೆಯೂ ಕಿಬ್ಲಾ ಪತ್ತೆ ಮಾಡಬಹುದು. ಮಕ್ಕಾ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಸ್ವಲ್ಪ ದಕ್ಷಿಣಕ್ಕಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ಕಾಬಾದ ನೆತ್ತಿಯ ಮೇಲೆಯೇ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಮೇ 27 ಅಥವಾ 28ರ ಮಧ್ಯಾಹ್ನ 2:48ಕ್ಕೆ, ಜುಲೈ 15 ಅಥವಾ 16ರ 2:57ಕ್ಕೆ. ಆ ಹೊತ್ತಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಗೆರೆ ಎಳೆಯಿರಿ. ಆ ಗೆರೆ ಮುಂದೆ ಹೋಗುವ ಕಡೆಯೇ ಕಿಬ್ಲಾ. ಕರ್ನಾಟಕದಲ್ಲಿ ಅದು ನೇರ ಪಶ್ಚಿಮವಲ್ಲ, ಕೊಂಚ ಉತ್ತರಕ್ಕೆ ವಾಲಿರುವುದು ನಿಮಗೇ ಕಾಣುತ್ತದೆ. ಜುಲೈನಲ್ಲಿ ಕರಾವಳಿ, ಮಲೆನಾಡಿನಲ್ಲಿ ಮಳೆ ಮೋಡ ಜಾಸ್ತಿ. ಮೇ ತಿಂಗಳಲ್ಲೇ ನೋಡಿಬಿಡಿ.