ಗುಕೇಶ್-ಡಿಂಗ್ 14ನೇ ಆಟ: ನನ್ನನ್ನು ಕಾಡಿದ ಎಫ್4

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚೆಸ್ ಚಾಂಪಿಯನ್‌ಶಿಪ್ಪಿನ ಕೊನೆಯ ಕ್ಲಾಸಿಕಲ್ (ಹೆಚ್ಚು ಸಮಯದ) ಆಟ. ಇಬ್ಬರದೂ 6.5 ಅಂಕ. ಡಿಂಗ್ ಲಿರೆನ್ ಬಿಳಿ, ಗುಕೇಶ್ ಕಪ್ಪು. ಓಪನಿಂಗ್ ಬಿಡಿ, ನೇರ 55ನೇ ನಡೆಗೆ ಬರೋಣ.

ಬಿಳಿ: ರಾಜ ಜಿ1, ಆನೆ ಎಫ್4, ಒಂಟೆ ಎ8, ಕಾಲಾಳು ಜಿ3.
ಕಪ್ಪು: ರಾಜ ಇ5, ಆನೆ ಬಿ2, ಒಂಟೆ ಇ6, ಕಾಲಾಳು ಎಫ್5, ಜಿ4.

(ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್. ಎಫ್4 ಅಂದರೆ ಬೋರ್ಡಿನ ಎಫ್ ಸಾಲಿನ 4ನೇ ಮನೆ.)

ಡಿಂಗ್ ಆನೆಯನ್ನು ಎಫ್2ಗೆ ತಂದರು. ಆನೆಗೆ ಆನೆ ಹೋಯಿತು. ತಕ್ಷಣ ಗುಕೇಶ್ ಒಂಟೆ ಡಿ5! ಮೂಲೆಯಲ್ಲಿರುವ ಬಿಳಿ ಒಂಟೆಗೆ ಇರುವುದು ಒಂದೇ ಓಣಿ, ಆ ಓಣಿಯ ಬಾಯಿಗೇ ಕಪ್ಪು ಒಂಟೆ ಕೂತಿತು. ಹಿಂದೆ ರಾಜನ ಕಾವಲು. ಹೊಡೆಯದೆ ಬೇರೆ ದಾರಿಯಿಲ್ಲ. ಒಂಟೆಗಳೂ ಹೋದವು, ರಾಜರು ಒಂದೊಂದು ಹೆಜ್ಜೆ ಇಟ್ಟರು. ಈಗ ಬಿಳಿ ರಾಜ ಇ3, ಕಪ್ಪು ರಾಜ ಇ5, ಕಾಲಾಳುಗಳು ಇದ್ದಲ್ಲೇ, ನಡೆ ಬಿಳಿಯದು. ಡಿಂಗ್ ಅಲ್ಲೇ ಸೋಲೊಪ್ಪಿದರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್.

ಇಲ್ಲೇ ಯಾಕೆ ಸೋಲೊಪ್ಪಬೇಕು? ಕಲಬುರಗಿಯ ಅಪ್ಪನ ಕೆರೆ ಹತ್ತಿರ ಬೋರ್ಡ್ ಹಾಕಿ ಕಾಕಾನ ಜೊತೆ ಆಡಿ ನೋಡಿದೆ. ಗೆಲ್ಲುವ ಕಪ್ಪು ನನ್ನದು. ಮೂರು ಸಲವೂ ಡ್ರಾ!

ಕಾಕಾ ರಾಜನನ್ನು ಎಫ್2ಗೆ ಇಡುತ್ತಿದ್ದರು. ನಾನು ಸುಮ್ನೆ ಎಫ್4 ತಳ್ಳುತ್ತಿದ್ದೆ. ಜಿ3 ಕಾಲಾಳು ಅದನ್ನು ಹೊಡೆಯಿತು, ನನ್ನ ರಾಜ ತಿರುಗಿ ಹೊಡೆದ. ಕಾಕಾನ ರಾಜ ಜಿ2ಗೆ ಬಂದು ನನ್ನ ಒಂಟಿ ಕಾಲಾಳಿನ ಎದುರು ನಿಂತ. ಮುಗಿಯಿತು, ನಾನು ಮುಂದೆ ನುಗ್ಗಲು ಆಗುವುದೇ ಇಲ್ಲ.

"ಏ ತಮ್ಮಾ, ಯಾಕಷ್ಟು ಅವಸರ ಮಾಡ್ತಿ? ರಾಜನ್ನ ನಡಸು," ಅಂದರು ಕಾಕಾ.

ಸರಿಯಾದ ನಡೆ ರಾಜ ಡಿ4. ಬಿಳಿ ಇ2ಗೆ ಬಂದರೆ ನಾನು ಇ4. ಈಗ ರಾಜರಿಬ್ಬರೂ ಎದುರುಬದುರು, ಮಧ್ಯೆ ಒಂದೇ ಮನೆ, ನಡೆ ಬಿಳಿಯದು. ಜಾಗ ಬಿಡಲೇಬೇಕು. ಅವನು ಡಿ2ಗೆ ಸರಿದರೆ ನಾನು ಎಫ್3. ಎಫ್2ಗೆ ಸರಿದರೆ ನಾನು ಡಿ3, ಹಿಂದಿನಿಂದ ಸುತ್ತಿ ಬರುತ್ತೇನೆ. ಎರಡರಲ್ಲೂ ಜಿ3 ಕಾಲಾಳು ನನ್ನದೇ. ಎಫ್5 ಕಾಲಾಳನ್ನು ಮುಟ್ಟಲೇ ಇಲ್ಲ, ಅಲ್ವಾ? ಇಷ್ಟು ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು.

ತಮಾಷೆ ಏನೆಂದರೆ, ಬಿಳಿ ರಾಜ ಎಫ್2ರ ಬದಲು ಡಿ3ಗೆ ಹೋದರೆ ಅದೇ ಎಫ್4 ಗೆಲ್ಲಿಸುತ್ತದೆ. ಹೊಡೆದಾಟ ಮುಗಿದಾಗ ಅವನಿಗೆ ಜಿ2 ಜಾಸ್ತಿ ದೂರ. ಅವನು ಇ2ಗೆ ಬರುವಷ್ಟರಲ್ಲಿ ನನ್ನ ರಾಜ ಜಿ3ರಲ್ಲಿ, ಕಾಲಾಳಿನ ಮುಂದೆ. ಈಗ ಎಫ್4 ತಳ್ಳುವ ಮೊದಲು ಜಿ2ಗೆ ಬಿಳಿ ರಾಜನಿಗೆ ಎಷ್ಟು ಹೆಜ್ಜೆ ಅಂತ ಬೆರಳಿಟ್ಟು ಎಣಿಸುತ್ತೇನೆ. ಕಾಕಾ ನೋಡಿ ನಗುತ್ತಾರೆ.