ಹಳಿ ಕೆಲಸವನ್ನು ರಾತ್ರಿಯೇ ಮಾಡಿ ಮುಗಿಸಬಾರದೇ?

ಓದುಗರ ಪ್ರಶ್ನೆ: ಹಳಿ ಕೆಲಸ ಅಂತ ಮಂಗಳೂರಿನ ರೈಲುಗಳನ್ನು ಆಗಾಗ ರದ್ದು ಮಾಡುತ್ತಾರೆ, ಇಲ್ಲವೇ ಗಂಟೆಗಟ್ಟಲೆ ತಡ ಮಾಡುತ್ತಾರೆ. ಜನ ಮಲಗಿರುವ ಹೊತ್ತಲ್ಲಿ, ರಾತ್ರಿ ಈ ಕೆಲಸ ಮಾಡಿ ಮುಗಿಸೋಕೆ ಆಗಲ್ವಾ?

ಉತ್ತರ: ಮುಂಬೈಯಲ್ಲಿ ಇದ್ದು ಬಂದವರಿಗೆ ಈ ಪ್ರಶ್ನೆ ಬರುವುದು ಸಹಜ. ಅಲ್ಲಿ ಲೋಕಲ್ ರೈಲುಗಳು ರಾತ್ರಿ ಸುಮಾರು 1ರಿಂದ 4 ಗಂಟೆವರೆಗೆ ಓಡುವುದಿಲ್ಲ. ಆ ಹೊತ್ತಲ್ಲಿ ಸಣ್ಣಪುಟ್ಟ ಕೆಲಸ ಮುಗಿಯುತ್ತದೆ. ದೊಡ್ಡದಕ್ಕೆ ಭಾನುವಾರದ ‘ಮೆಗಾ ಬ್ಲಾಕ್’ ಇದೆ, ಅಂದರೆ ಕೆಲವು ಗಂಟೆ ಹಳಿ ಮುಚ್ಚಿ ಕೆಲಸ ಮಾಡುತ್ತಾರೆ.

ನಮ್ಮ ಊರಿನ ಹಳಿಗೆ ಅಂಥ ಬಿಡುವಿನ ರಾತ್ರಿ ಇಲ್ಲ. ಕೇರಳದಿಂದ ಮುಂಬೈ, ದೆಹಲಿ ಕಡೆಗೆ ಹೋಗುವ ದೂರದ ರೈಲುಗಳು ಹೊತ್ತಲ್ಲದ ಹೊತ್ತಲ್ಲಿ ಮಂಗಳೂರು ಜಂಕ್ಷನ್ ದಾಟುತ್ತವೆ. ಬೆಂಗಳೂರಿನ ರಾತ್ರಿ ರೈಲುಗಳು ಘಾಟಿ ಹತ್ತುತ್ತವೆ. ಇವುಗಳ ನಡುವೆ ಪಣಂಬೂರು ಬಂದರಿನ ಗೂಡ್ಸ್ ರೈಲುಗಳಿಗೂ ದಾರಿ ಬೇಕು. ತೋಕೂರಿನಿಂದ ಉತ್ತರಕ್ಕೆ ಉಡುಪಿ, ಕುಂದಾಪುರ, ಬೈಂದೂರು ಎಲ್ಲ ಒಂಟಿ ಹಳಿ. ಅಲ್ಲಿ ಒಂದು ಗಂಟೆ ಹಳಿ ಮುಚ್ಚಿದರೂ ಎರಡೂ ಕಡೆಯ ರೈಲುಗಳು ಸುರತ್ಕಲ್, ಮೂಲ್ಕಿ, ಪಡುಬಿದ್ರಿಯಂಥ ನಿಲ್ದಾಣಗಳಲ್ಲಿ ಕಾಯಬೇಕು. ಒಂದು ರೈಲಿನ ತಡ, ಎದುರಿನ ರೈಲಿಗೆ ದಾರಿ ಬಿಡುವ ಮುಂದಿನ ಕ್ರಾಸಿಂಗ್‌ಗೆ ದಾಟಿ, ಅಲ್ಲಿಂದ ಇನ್ನೊಂದು ರೈಲಿಗೆ ಅಂಟಿಕೊಳ್ಳುತ್ತದೆ.

ಇನ್ನು ಕೆಲಸದ ಮಾತು. ಹಳಿ ಮುಚ್ಚಿ ಕೆಲಸಕ್ಕೆ ಬಿಟ್ಟುಕೊಡುವ ಹೊತ್ತಿಗೆ ರೈಲ್ವೆಯವರು ‘ಬ್ಲಾಕ್’ ಅನ್ನುತ್ತಾರೆ. ಮೂರು ಗಂಟೆ ಬ್ಲಾಕ್ ಸಿಕ್ಕಿದರೆ ಮೂರು ಗಂಟೆ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ. ಕೊನೆಯ ರೈಲು ದಾಟಿದ ಮೇಲೆ ಯಂತ್ರ ನಿಲ್ದಾಣದಿಂದ ಹೊರಟು ಜಾಗಕ್ಕೆ ಬರಬೇಕು. ಕೊಂಕಣ ರೈಲು ಮಾರ್ಗಕ್ಕೆ 2022ರಲ್ಲಿ ಪೂರ್ತಿ ವಿದ್ಯುತ್ ಬಂತು. ಅಂದರೆ ತಲೆಯ ಮೇಲೆ 25,000 ವೋಲ್ಟಿನ ತಂತಿ ಇದೆ. ಕೆಲಸ ಅದರ ಹತ್ತಿರ ಹೋಗುವುದಾದರೆ ವಿದ್ಯುತ್ ಕಡಿಯಬೇಕು, ತಂತಿಗೆ ಅರ್ತಿಂಗ್ ಕೊಡಬೇಕು, ಅಂದರೆ ಅದನ್ನು ನೆಲಕ್ಕೆ ಜೋಡಿಸಬೇಕು. ಕೆಲಸ ಮುಗಿದ ಮೇಲೆ ಇದೆಲ್ಲ ಮತ್ತೆ ಉಲ್ಟಾ ನಡೆಯಬೇಕು. ನಡುವೆ ಉಳಿದ ಸಮಯವೇ ನಿಜವಾದ ಕೆಲಸದ ಸಮಯ.

ಆ ಸಮಯದಲ್ಲಿ ಏನು ಮಾಡುತ್ತಾರೆ? ಈಗಿನ ಹಳಿ ಮೀಟರಿಗೆ 60 ಕೆ.ಜಿ. ತೂಗುತ್ತದೆ. 13 ಮೀಟರಿನ ಒಂದು ತುಂಡು ಅಂದರೆ 780 ಕೆ.ಜಿ. ಹಳೆಯ ತುಂಡು ಕತ್ತರಿಸಿ ತೆಗೆದು, ಹೊಸದನ್ನು ಕೂರಿಸಿ, ಅಚ್ಚು ಕಟ್ಟಿ, ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಉರಿಸಿ ಕರಗಿದ ಉಕ್ಕನ್ನು ಸಂದಿಗೆ ಸುರಿಯುತ್ತಾರೆ. ಥರ್ಮಿಟ್ ವೆಲ್ಡಿಂಗ್ ಅಂದರೆ ಇದೇ. ಅದು ಆರಬೇಕು, ಉಜ್ಜಿ ನಯ ಮಾಡಬೇಕು. ಒಳಗೆ ಬಿರುಕು ಇಲ್ಲ ಅಂತ ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷೆಯೂ ಆಗಬೇಕು.

ಬಿಸಿಲಿನ ಲೆಕ್ಕವೂ ಇದೆ. ಉದ್ದಕ್ಕೆ ಬೆಸೆದ ಒಂದು ಕಿಲೋಮೀಟರ್ ಹಳಿ, ಬಿಸಿ 10 ಡಿಗ್ರಿ ಏರಿದರೆ ಸುಮಾರು 11.5 ಸೆಂ.ಮೀ. ಬೆಳೆಯಲು ನೋಡುತ್ತದೆ. ಅದನ್ನು ಹಿಡಿದಿಡುವುದು ಹಳಿಯ ಕೆಳಗೆ ಅಡ್ಡಕ್ಕೆ ಹಾಕಿದ ಸ್ಲೀಪರ್, ಕ್ಲಿಪ್ಪು ಮತ್ತು ಜಲ್ಲಿ. ಉರಿ ಬಿಸಿಲಲ್ಲಿ ಜಲ್ಲಿ ಬಗೆದರೆ ಹಳಿ ಪಕ್ಕಕ್ಕೆ ಸೊಟ್ಟಗಾಗುವ ಅಪಾಯ ಇದೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳೂ ಕೆಲವು ಕೆಲಸಕ್ಕೆ ಕೈತಪ್ಪುತ್ತವೆ.

ಜಲ್ಲಿ ಸುಮ್ನೆ ಸುರಿದ ಕಲ್ಲಲ್ಲ. ರೈಲಿನ ಭಾರವನ್ನು ನೆಲಕ್ಕೆ ಹಂಚುವುದು ಅದು, ಮಳೆ ನೀರನ್ನು ಕೆಳಗೆ ಬಿಟ್ಟುಕೊಡುವುದೂ ಅದೇ. ನಮ್ಮ ಕಡೆ ಗುಡ್ಡ ಕಡಿದು ಹಳಿ ಹಾಕಿದ ಜಾಗ ಜಾಸ್ತಿ. ಮುರಕಲ್ಲಿನ ಕೆಂಪು ಮಣ್ಣು ಮಳೆಯಲ್ಲಿ ಇಳಿದು ಬಂದು ಜಲ್ಲಿಯ ಸಂದಿಗಳನ್ನು ಮುಚ್ಚುತ್ತದೆ. ನೀರು ನಿಂತರೆ ಹಳಿ ಅಲ್ಲಲ್ಲಿ ಕುಸಿಯುತ್ತದೆ. ಆಗ ಜಲ್ಲಿಯನ್ನೇ ತೋಡಿ ತೆಗೆದು, ಜರಡಿ ಹಿಡಿದು, ಮಣ್ಣು ಬೇರೆ ಮಾಡಿ ಮತ್ತೆ ತುಂಬಬೇಕು. ಹೊಸದಾಗಿ ತುಂಬಿದ ಜಲ್ಲಿ ಸಡಿಲ ಇರುತ್ತದೆ. ಮೊದಮೊದಲು ರೈಲನ್ನು ತೀರಾ ನಿಧಾನ ಬಿಟ್ಟು, ಯಂತ್ರದಿಂದ ಮತ್ತೆ ಮತ್ತೆ ಜಲ್ಲಿ ಬಿಗಿ ಮಾಡುತ್ತಾ ಹಂತಹಂತವಾಗಿ ವೇಗ ಏರಿಸುತ್ತಾರೆ. ಬ್ಲಾಕ್ ಮುಗಿದ ಮೇಲೂ ಕೆಲವು ದಿನ ರೈಲು ಅದೇ ಜಾಗದಲ್ಲಿ ತೆವಳುವುದು ಇದಕ್ಕೇ.

ಕಡಲ ಗಾಳಿಯ ಉಪ್ಪು ಬೇರೆ. ಹಳಿಯ ಬುಡಕ್ಕೂ, ಸ್ಲೀಪರಿಗೆ ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳಿಗೂ ತುಕ್ಕು ಬೇಗ ಹಿಡಿಯುತ್ತದೆ. ಕ್ಲಿಪ್ಪುಗಳನ್ನು ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಡಿಯಬೇಕು. ಒಂದು ಕಿಲೋಮೀಟರಿಗೆ ಸಾಮಾನ್ಯವಾಗಿ 1,660 ಸ್ಲೀಪರ್, ಒಂದೊಂದಕ್ಕೆ ನಾಲ್ಕು ಕ್ಲಿಪ್ಪು. ಲೆಕ್ಕ ಹಾಕಿ ನೋಡಿ, ಆರೂವರೆ ಸಾವಿರ ದಾಟುತ್ತದೆ.

ಮಂಗಳೂರು ಸೆಂಟ್ರಲ್‌ಗೆ ರೈಲು ಬಂದದ್ದು 1907ರಲ್ಲಿ, ಉಡುಪಿಗೆ 1993ರಲ್ಲಿ. ಆದರೆ ಹಳಿಯ ಆಯುಸ್ಸನ್ನು ವರ್ಷದಲ್ಲಿ ಎಣಿಸುವುದಕ್ಕಿಂತ ಅದರ ಮೇಲೆ ಹೋದ ಭಾರದಲ್ಲಿ ಎಣಿಸುತ್ತಾರೆ. ಕಲ್ಲಿದ್ದಲಿನ ಗೂಡ್ಸ್ ಓಡುವ ಹಳಿ ಬೇಗ ಸವೆಯುತ್ತದೆ. ಇನ್ನು ನಿಲ್ದಾಣದ ಯಾರ್ಡಿಗೆ ಹೊಸ ಪ್ಲಾಟ್‌ಫಾರ್ಮ್ ಸೇರಿಸುವಾಗ ಬೇರೆಯೇ ತೊಂದರೆ. ಸಿಗ್ನಲ್ ಮತ್ತು ಪಾಯಿಂಟ್‌ಗಳನ್ನು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಒಂದಕ್ಕೊಂದು ಬೆಸೆದ ವ್ಯವಸ್ಥೆಯನ್ನೇ ಬಿಚ್ಚಿ ಹೊಸದಾಗಿ ಜೋಡಿಸಬೇಕು. ಆ ದಿನಗಳಲ್ಲಿ ಸಿಬ್ಬಂದಿ ಕೈಯಿಂದಲೇ ಪಾಯಿಂಟ್ ಬಿಗಿದು ರೈಲು ದಾಟಿಸುತ್ತಾರೆ. ರೈಲಿನ ಸಂಖ್ಯೆ ಕಡಿಮೆ ಮಾಡದೆ ಬೇರೆ ದಾರಿಯಿಲ್ಲ.

ಇಷ್ಟೆಲ್ಲದಕ್ಕೂ ವರ್ಷದಲ್ಲಿ ಸಿಗುವುದು ಏಳೆಂಟು ತಿಂಗಳು. ಜೂನ್‌ನಿಂದ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಶುರು. ಆಗ ಸಿಬ್ಬಂದಿಯ ಗಮನವೆಲ್ಲ ಗಸ್ತಿನ ಮೇಲೆ. ಕೊಡೆ, ಟಾರ್ಚು ಹಿಡಿದು ರಾತ್ರಿಯಿಡೀ ಹಳಿ ಮೇಲೆ ನಡೆಯುವ ಆ ಜನರಿಂದಲೇ ನಾವು ಊರು ಸೇರುತ್ತೇವೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ದೊಡ್ಡ ಕೆಲಸ ಹೆಚ್ಚಾಗಿ ಮಳೆ ಬಿಟ್ಟ ಮೇಲೆ. ನಮ್ಮ ಕೋಲ, ಕಂಬಳ, ಜಾತ್ರೆ, ಮದುವೆ, ಕ್ರಿಸ್ಮಸ್ ಎಲ್ಲ ಬರುವುದೂ ಅದೇ ತಿಂಗಳುಗಳಲ್ಲಿ. ಟಿಕೆಟಿಗೆ ಅತಿ ಹೆಚ್ಚು ನೂಕುನುಗ್ಗಲು ಇರುವಾಗಲೇ ಬ್ಲಾಕ್ ಬೀಳುತ್ತದೆ.

ಹಾಗಂತ ಮುಂದೂಡಿದರೆ? 2019ರ ಆಗಸ್ಟ್ 23ರಂದು ಮಂಗಳೂರಿನ ಕುಲಶೇಖರದ ಬಳಿ ಗುಡ್ಡ ಜಾರಿ ಹಳಿ ಮೇಲೆ ಬಿತ್ತು. ಕೆಸರು ಎತ್ತಿದಷ್ಟೂ ಮತ್ತೆ ಇಳಿದು ಬರುತ್ತಿತ್ತು. ಕೊನೆಗೆ ಪಕ್ಕದಲ್ಲಿ ಸುಮಾರು 400 ಮೀಟರ್ ಹೊಸ ಹಳಿ ಹಾಕಿ ರೈಲು ಬಿಡಬೇಕಾಯಿತು. ಸುಮಾರು ಒಂದು ವಾರ ಕೊಂಕಣ ಕಡೆಯ ಓಡಾಟ ಏರುಪೇರಾಯಿತು. ಮೊದಲೇ ಹೇಳಿ ಮಾಡುವ ಬ್ಲಾಕ್ ಎಷ್ಟೋ ವಾಸಿ.

ಘಾಟಿಯಲ್ಲಿ ರಾತ್ರಿ ಕೆಲಸದ ಪ್ರಶ್ನೆ ಇನ್ನೂ ಗಂಭೀರ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿ.ಮೀ., ಅದರಲ್ಲಿ 57 ಸುರಂಗ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಕತ್ತಲಲ್ಲಿ ಅಲ್ಲಿ ಕಂಬ ನಿಲ್ಲಿಸಿ, ತಂತಿ ಎಳೆಯಿರಿ ಅಂತ ಯಾರಿಗೆ ಹೇಳುವುದು? 2025ರ ಜೂನ್‌ನಿಂದ ವಿದ್ಯುದೀಕರಣಕ್ಕಾಗಿ ಅಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ, ರಾತ್ರಿ ರೈಲುಗಳನ್ನು ಉಳಿಸಿಕೊಂಡರು. ಕಷ್ಟವಾಯಿತು, ನಿಜ. ಆದರೂ ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ಜನರ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ಮಂಗಳೂರು–ಹಾಸನ ನಡುವಿನ ಕಿರಿದಾದ ಮೀಟರ್‌ಗೇಜ್ ಹಳಿಯನ್ನು ಅಗಲ ಮಾಡಲು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅದನ್ನು ಕಂಡವರು ‘ಸ್ವಲ್ಪ ದಿನ ಸಹಕರಿಸಿ’ ಅನ್ನುವ ಮಾತನ್ನು ಹೇಗೆ ನಂಬಬೇಕು? ಸಾಲದ್ದಕ್ಕೆ ನಮ್ಮ ಊರಿನ ಹಳಿಗೆ ಮೂವರು ಯಜಮಾನರು. ಪಡೀಲಿನಿಂದ ಘಾಟಿ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಎರಡೂ ಮುಖ್ಯ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ಕೈಯಲ್ಲಿ. ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಒಂದೇ ರೈಲು ಮೂವರ ಹಳಿಯನ್ನೂ ಮುಟ್ಟುತ್ತದೆ. ಪ್ರಕಟಣೆಗಳು ಮಾತ್ರ ಮೂರು ಕಡೆಯಿಂದ ಬೇರೆ ಬೇರೆ.

ಹಾಗಾಗಿ ಬ್ಲಾಕ್ ಬೇಡ ಅಂತ ಕೇಳುವುದಕ್ಕಿಂತ, ಮಂಗಳೂರಿಗೆ ಸಂಬಂಧಪಟ್ಟ ಎಲ್ಲ ಬ್ಲಾಕ್‌ಗಳ ಒಂದೇ ಪಟ್ಟಿ ಬರಲಿ, ಮುಂಗಡ ಬುಕಿಂಗ್ ತೆರೆಯುವ ಮೊದಲೇ ಬರಲಿ, ಕೆಲಸ ಮುಗಿಯುವ ದಿನಾಂಕವೂ ಅದರಲ್ಲಿರಲಿ ಅಂತ ಕೇಳಬೇಕು. ಜೊತೆಗೆ ತೋಕೂರಿನಿಂದ ಆಚೆ ಎರಡನೇ ಹಳಿ ಬೇಕು. ಒಂದರಲ್ಲಿ ಕೆಲಸ ನಡೆಯುವಾಗ ಇನ್ನೊಂದರಲ್ಲಿ ರೈಲು ಓಡಬಹುದು. ಕೊಂಕಣ ಮಾರ್ಗದಲ್ಲಿ ರೋಹಾ–ವೀರ್ ನಡುವಿನ ಸುಮಾರು 47 ಕಿ.ಮೀ. 2021ರಲ್ಲೇ ಜೋಡಿ ಹಳಿಯಾಗಿದೆ. ನಮ್ಮ ಕಡೆಗೂ ಅದು ಬರಲೇಬೇಕು.

ಅಲ್ಲಿಯವರೆಗೆ, ಹೊರಡುವ ಮುಂಚೆ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲು ಎಲ್ಲಿದೆ ಅಂತ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ನೋಡಿ. ರೈಲು ಪೂರ್ತಿ ರದ್ದಾದರೆ ಇ-ಟಿಕೆಟಿನ ಹಣ ತಾನಾಗಿ ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ ಆದರೆ ನೀವೇ ಕೌಂಟರಿಗೆ ಹೋಗಬೇಕು. ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ ನೀವು ಪ್ರಯಾಣ ಬಿಟ್ಟರೆ, ಇ-ಟಿಕೆಟಿಗೆ ರೈಲು ಹೊರಡುವ ಮೊದಲು ಟಿಡಿಆರ್ (ಹಣ ವಾಪಸ್ ಕೇಳುವ ಆನ್‌ಲೈನ್ ಅರ್ಜಿ) ಹಾಕಿದರೆ ಪೂರ್ತಿ ಹಣ ಸಿಗುತ್ತದೆ.