ಎದಿ ಹಾರ್ತದ: ಪುಣೆಯ ಒಪಿಡಿಯಲ್ಲಿ ಕನ್ನಡದ ಪಾಡು

ಪುಣೆಯ ಒಂದು ಸರ್ಕಾರಿ ಆಸ್ಪತ್ರೆ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳು ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. "ಎದಿ ಹಾರ್ತದ್ರಿ. ರಾತ್ರಿ ನಿದ್ದಿ ಹತ್ತವಲ್ದು. ಜೀವಾನೇ ಬ್ಯಾಡಾಗ್ಯಾದ" ಅಂದಳು. ಪಕ್ಕದಲ್ಲಿ ನಿಂತಿದ್ದ ಮಗನಿಗೆ ಹನ್ನೆರಡು ವರ್ಷವಿರಬೇಕು, ಮರಾಠಿ ಶಾಲೆಗೆ ಹೋಗುವವನು. "ಛಾತೀತ ದುಖತಯ, ಝೋಪ ಯೇತ ನಾಹೀ" ಎಂದು ಒಪ್ಪಿಸಿದ. ಎದೆ ಹಾರುವುದು ಎದೆನೋವಾಯಿತು. ಮೂರನೆಯ ಮಾತನ್ನು ಹುಡುಗ ಹೇಳಲೇ ಇಲ್ಲ, ಅಮ್ಮನ ಮುಖ ನೋಡಿ ತಲೆ ತಗ್ಗಿಸಿದ. ಇಸಿಜಿ ಮಾಡಿಸಿದರು, ನಾರ್ಮಲ್ ಬಂತು. ಶಕ್ತಿ ಗುಳಿಗೆ ಬರೆದುಕೊಟ್ಟು ಕಳಿಸಿದರು. ಬೇರೊಬ್ಬರ ಜತೆ ಹೋಗಿದ್ದ ನಾನು ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದೆ.

ಅಲ್ಲಿ ಡಾಕ್ಟರ ತಪ್ಪೇನೂ ಇರಲಿಲ್ಲ. ಹೊರಗೆ ನೂರು ಜನ ಕಾಯುತ್ತಿದ್ದರು. ಆದರೆ ಮನಸ್ಸಿನ ಕಾಯಿಲೆಗೆ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ. ರೋಗಿ ಆಡುವ ಮಾತೇ ಪರೀಕ್ಷೆ. ಆ ಮಾತು ದಾಟದಿದ್ದರೆ ಚಿಕಿತ್ಸೆ ಶುರುವಾಗುವುದೇ ಇಲ್ಲ.

ಯಾರಿಗೆ ಎಂಥ ಆರೈಕೆ ಎಂಬ ಭೇದ ಈ ಭಾಗದಲ್ಲಿ ಹಳೆಯದು. ಕಂಪನಿ ಕಾಲದ ಮುಂಬೈಯ ಕೊಲಾಬಾ ಹುಚ್ಚಾಸ್ಪತ್ರೆಯಲ್ಲಿ ಬಿಳಿಯರನ್ನೂ ನೇಟಿವ್ ರೋಗಿಗಳನ್ನೂ ಬೇರೆಬೇರೆ ಇಡುತ್ತಿದ್ದರು. ಬಿಳಿಯರಲ್ಲಿ ಹಲವರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಆಮೇಲೆ ಮನೋರೋಗಿಗಳ ಬಗ್ಗೆ 1858ರ ಕಾಯ್ದೆ, 1912ರ ಕಾಯ್ದೆ, ಠಾಣೆ, ಯೆರವಡಾದ ಹುಚ್ಚಾಸ್ಪತ್ರೆಗಳು. 1938ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗಕ್ಕೆಂದೇ ಒಂದು ವಿಭಾಗ. ಹೀಗೆ ನೂರು ವರ್ಷದಲ್ಲಿ ಗೋಡೆಯ ಹಿಂದಿನ ಕಾಯಿಲೆ ಮೆಲ್ಲಗೆ ಒಪಿಡಿಗೆ ಬಂತು.

ಕನ್ನಡಿಗರ ಮಟ್ಟಿಗೆ ಇಲ್ಲೊಂದು ಮರೆತುಹೋದ ಎಳೆಯಿದೆ. 1845ರಲ್ಲಿ ಶುರುವಾದ ಧಾರವಾಡದ ಹುಚ್ಚಾಸ್ಪತ್ರೆ ಮುಂಬೈ ಪ್ರಾಂತದ್ದೇ. ಪುಣೆ, ರತ್ನಾಗಿರಿ, ಧಾರವಾಡ ಎಲ್ಲವೂ ಒಂದೇ ಆಡಳಿತದ ಕೆಳಗಿದ್ದವು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಅದು ಆಗಬೇಕಾದದ್ದೇ. ಆದರೆ ಗೆರೆಯ ಈಚೆ ದುಡಿಯಲು ಬಂದವರ ಭಾಷೆ ಈಚೆಯ ಆಸ್ಪತ್ರೆಗಳಿಗೆ ಅಂದಿನಿಂದ ಪರಭಾಷೆಯಾಯಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸಿ ತೋರಿಸಿದ್ದು ನಮ್ಮ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಕಾರ್ಯಕರ್ತೆಗೆ 'ತಲಿ ಕೆಟ್ಟದ' ಎಂದರೇನು, 'ಮೈಮ್ಯಾಲ ಬರ್ತದ' ಎಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಅವಳ ಮನೆಮಾತು. 1996ರಲ್ಲಿ ಬಳ್ಳಾರಿ ಮಾದರಿಯೇ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಗುಳಿಗೆಯ ಪಟ್ಟಿ, ತರಬೇತಿಯ ಪುಸ್ತಕ, ರಿಜಿಸ್ಟರು ಎಲ್ಲವೂ ಊರಿಂದೂರಿಗೆ ಹೋದವು. ಮನೆಮಾತು ಮಾತ್ರ ಹೋಗಲಿಲ್ಲ. ಕೆಲಸ ಅರಸಿ ವರ್ಷಕ್ಕೊಂದು ಊರು ಬದಲಿಸುವವರು ಆ ಯೋಜನೆಯ ಲೆಕ್ಕಕ್ಕೇ ಸಿಗಲಿಲ್ಲ.

ಲೆಕ್ಕದ ಮಾತಿಗೆ ಬಂದರೆ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿ ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದು ಹೇಳಿತು. ಆ ಹನ್ನೆರಡರಲ್ಲಿ ಮಹಾರಾಷ್ಟ್ರವಿಲ್ಲ, ಕರ್ನಾಟಕವಿಲ್ಲ, ಗೋವಾ ಇಲ್ಲ. ಅಮೆರಿಕದಲ್ಲಿ ಜನಾಂಗ, ಸಂಸ್ಕೃತಿ, ಭಾಷೆ ಮನೋಚಿಕಿತ್ಸೆಗೆ ಹೇಗೆ ಅಡ್ಡ ಬರುತ್ತವೆ ಎಂದು ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2001ರಲ್ಲೇ ವರದಿ ಕೊಟ್ಟಿದ್ದರು. ಪುಣೆಯ ವಾರ್ಜೆಯ ಮಜೂರ್ ಅಡ್ಡಾದಲ್ಲಿ ಕೂಲಿಗಾಗಿ ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ನಿಲ್ಲುವವರನ್ನು ಯಾರು ಕೇಳಿದ್ದಾರೆ?

ಕಾನೂನು ಹಿಂದೆ ಬಿದ್ದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಧರ್ಮ, ಜಾತಿ, ವರ್ಗದ ಜತೆ ಸಂಸ್ಕೃತಿಯ ಹೆಸರಿನಲ್ಲೂ ಭೇದ ಕೂಡದು ಎನ್ನುತ್ತದೆ. ರೋಗಿಯ ಒಪ್ಪಿಗೆ ಪಡೆಯುವ ಮುನ್ನ ಚಿಕಿತ್ಸೆಯ ವಿವರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎನ್ನುತ್ತದೆ. ಆ ಭಾಷೆ ಬಲ್ಲವರು ಯಾರು, ಅವರ ಸಂಬಳ ಎಲ್ಲಿಂದ? ನಾನು ಓಡಾಡಿದ ಒಪಿಡಿಗಳಲ್ಲಿ ಆ ಕುರ್ಚಿ ಕಂಡಿಲ್ಲ. ಮಗ, ಗಂಡ, ಕೂಲಿಗಳ ಮೇಸ್ತ್ರಿಯಾದ ಮುಕಾದಮ, ಇಲ್ಲವೇ ಕನ್ನಡ ಬಲ್ಲ ವಾರ್ಡ್‌ಬಾಯ್, ಯಾರು ಸಿಗುತ್ತಾರೋ ಅವರೇ ದುಭಾಷಿ. ಕುಡಿದು ಹೊಡೆಯುವ ಗಂಡನೇ ಪಕ್ಕದಲ್ಲಿ ನಿಂತು ಅನುವಾದಿಸುವಾಗ ಹೆಂಡತಿ ಹೇಳಬಲ್ಲದ್ದು ತಲೆನೋವು ಮಾತ್ರ.

ಮಾತು ಹೇಗೋ ದಾಟಿತು ಎಂದೇ ಇಟ್ಟುಕೊಳ್ಳಿ. ಮನಸ್ಸಿನ ಕಾಯಿಲೆಯ ಗುಳಿಗೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಮಳೆಗಾಲಕ್ಕೆ ಬಿತ್ತನೆಗೆಂದು ಊರಿಗೆ ಹೋದರೆ ಇಲ್ಲಿಯ ಕೇಸ್‌ಪೇಪರ್ ಇಲ್ಲೇ ಉಳಿಯುತ್ತದೆ. ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಅಲ್ಲಿ ಕನ್ನಡವಿದೆ, ಹಿಂದಿನ ಚೀಟಿಯಿಲ್ಲ. ಇಲ್ಲಿ ಚೀಟಿಯಿದೆ, ಕನ್ನಡವಿಲ್ಲ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿ ಶುರುಮಾಡಿತು. ನಂಬರು 14416, ದುಡ್ಡಿಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ನನಗೆ ಇದು ದೊಡ್ಡ ಹೆಜ್ಜೆ ಎಂದೇ ಅನ್ನಿಸುತ್ತದೆ. ಆದರೆ ತಗಡಿನ ಶೆಡ್ಡಿನಲ್ಲಿ ಐದು ಜನಕ್ಕೆ ಒಂದು ಮೊಬೈಲು, ಅದೂ ಗಂಡನ ಕಿಸೆಯಲ್ಲಿ.

ಆ ಹೆಣ್ಣುಮಗಳ ಶೆಡ್ಡಿಗೆ ಒಂದು ಭಾನುವಾರ ಹೋಗಿ, ನನ್ನ ಫೋನಿನಿಂದಲೇ ನಂಬರು ಒತ್ತಿ, ಕನ್ನಡ ಆರಿಸಿ ಕೈಗೆ ಕೊಟ್ಟೆ. ಆಕೆ ಉಸುಕಿನ ಗುಡ್ಡೆಯ ಹಿಂದೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಾತಾಡಿದಳು. ಬಹಳ ಹೊತ್ತು ಬರಲಿಲ್ಲ. ಬಂದವಳ ಕಣ್ಣು ಕೆಂಪಾಗಿದ್ದವು. ಫೋನು ವಾಪಸ್ ಕೊಡುತ್ತ ಕೇಳಿದಳು: "ನಾಳಿ ಹಚ್ಚಿದ್ರ ಇದೇ ಅಕ್ಕಾರು ಸಿಗ್ತಾರೇನ್ರಿ?"

ಅವರೇ ಸಿಗುತ್ತಾರೆಂಬ ಖಾತರಿಯಿಲ್ಲ ಎಂದೆ.